ಒಂಬತ್ತೂ ಕಾಲು ಇಂಚು

ಕರೇಮಟ್ಟಿ ಪಟ್ಟಣವಾಗಿ ಎರಡು ವರ್ಷವಾಗಿತ್ತು. ಆದರೆ ಆ ಸುದ್ದಿ ಮಳೆನೀರಿಗೆ ಇನ್ನೂ ಮುಟ್ಟಿರಲಿಲ್ಲ. ಅದು ಹಳ್ಳಿಯ ಕಾಲದ ರೂಢಿಯಂತೆ ಮೇಲಿನ ಓಣಿಯಿಂದ ಇಳಿದು, ಹಳೆಯ ಚಕ್ಕಡಿ ದಾರಿ ಹಿಡಿದು, ಊರಾಚೆಯ ಹಳ್ಳಕ್ಕೆ ಹೊರಡುತ್ತಿತ್ತು. ಚಕ್ಕಡಿ ದಾರಿಯ ಮೇಲೆ ಈಗ ಎರಡು ಮೊಬೈಲ್ ಅಂಗಡಿ, ಒಂದು ಕಲ್ಯಾಣ ಮಂಟಪ, ಹದಿನೆಂಟು ಮನೆ ಎದ್ದಿದ್ದವು. ನೀರು ಯಾರನ್ನೂ ಕೇಳದೆ ಮುಂಬಾಗಿಲಿನಿಂದ ಹೊಕ್ಕು ಹಿತ್ತಲಿನಿಂದ ಹೊರಬೀಳುತ್ತಿತ್ತು. ಮಂಟಪದಲ್ಲಿ ಒಮ್ಮೆ ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಬೀಗರ ಚಪ್ಪಲಿಗಳೆಲ್ಲ ತೇಲಿ ಹಳ್ಳ ಸೇರಿದ್ದವು.

ಊರಿನವರು ಇದಕ್ಕೆ ಕಂಡುಕೊಂಡಿದ್ದ ಉಪಾಯ ಒಂದೇ: ಏರುವುದು. ಎರೆ ನೆಲದಲ್ಲಿ ರಸ್ತೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಕೆಟ್ಟ ರಸ್ತೆಯನ್ನು ಕಿತ್ತು ಮಾಡುವ ಬದಲು ಅದರ ತಲೆಯ ಮೇಲೆಯೇ ಇನ್ನೊಂದನ್ನು ಹಾಸುತ್ತಾರೆ. ರಸ್ತೆ ಏರಿತೆಂದರೆ ಮನೆ ತಗ್ಗಾಯಿತು. ಆಗ ಮನೆಯವರು ಬಾಗಿಲ ಬಾಜೂ ಇರುವ ಕೂರುವ ಕಟ್ಟೆಗೆ ಒಂದು ವರಸೆ, ಅಂದರೆ ಒಂದು ಸಾಲು ಕಲ್ಲು ಏರಿಸುತ್ತಾರೆ. ಕಟ್ಟೆ ಏರಿತೆಂದು ಎದುರಿನವನೂ ಏರಿಸುತ್ತಾನೆ. ಹೀಗೆ ಮೂವತ್ತು ವರ್ಷಗಳಿಂದ ಕರೇಮಟ್ಟಿ ಆಕಾಶದ ಕಡೆಗೆ ಬೆಳೆಯುತ್ತಿತ್ತು. ನೀರಿಗೆ ಮಾತ್ರ ಅದರಿಂದ ಏನೂ ತೊಂದರೆಯಾಗಿರಲಿಲ್ಲ.

ಈ ಪಂದ್ಯದಲ್ಲಿ ಹಿಂದೆ ಬಿದ್ದವನೆಂದರೆ ಮಡಿವಾಳೆಪ್ಪ. ಅವನು ಅಣ್ಣಿಗೇರಿಯ ದಲಾಲಿ ಅಂಗಡಿಗಳಲ್ಲಿ ಮೂವತ್ತೊಂದು ವರ್ಷ ಕಾಳು ತೂಗಿ ಮನೆಗೆ ಬಂದ ತೂಕದಾರ. ಅವನ ತಕ್ಕಡಿ ಒಂದು ಕಡಲೆಯಷ್ಟೂ ಸುಳ್ಳು ಹೇಳಿಲ್ಲವೆಂದು ಊರು ಹೇಳುತ್ತಿತ್ತು. ಊರು ಹೇಳಲು ಮರೆತ ದಿನ ಅವನೇ ಹೇಳುತ್ತಿದ್ದ. "ಅಗದಿ ಬರೋಬ್ಬರಿ" ಎಂಬುದು ಅವನ ಬಾಯಲ್ಲಿ ಉಸಿರಿನ ಹಾಗೆ ಬರುತ್ತಿತ್ತು. ಹೆಂಡತಿ ಗುರವ್ವ ರೊಟ್ಟಿ ಬಡಿದರೆ ಅದು ಯಾವ ಕಡೆ ಅರ್ಧ ಬೆರಳು ದಪ್ಪ ಎಂದು ಹೇಳಬಲ್ಲ. ಹೇಳಿದ್ದಕ್ಕೆ ಅವಳು ಎಷ್ಟು ಸಲ ತಾಟು ಕಸಿದುಕೊಂಡಿದ್ದಾಳೆ ಎಂಬ ಲೆಕ್ಕವೂ ಅವನ ಬಳಿ ಬರೋಬ್ಬರಿ ಇತ್ತು.

ಅವನ ಕಟ್ಟೆ ಅಜ್ಜನ ಕಾಲದ್ದು. ಸಂಜೆಯಾದರೆ ಅವನೂ ಗೋಡೆ ಕಟ್ಟುವ ಗೌಂಡಿ ದಾವೂದಸಾಬನೂ ಅಲ್ಲಿ ಕೂತು, ಹೋಗಿಬರುವವರ ತೂಕ, ಊರಿನ ಗೋಡೆಗಳ ಸೊಟ್ಟ ಇವುಗಳ ಬಗ್ಗೆ ತೀರ್ಪು ಕೊಡುತ್ತಿದ್ದರು. ಅಂಥ ಕಟ್ಟೆಯ ಮೇಲೆ ಮಾರ್ಚಿನ ಒಂದು ಬೆಳಿಗ್ಗೆ ಸರಕಾರ ಬಂದು ಕೈಯಿಟ್ಟಿತು.

ಸರಕಾರದ ಹೆಸರು ತಬಸುಮ್. ಇಪ್ಪತ್ತಾರು ವರ್ಷದ ಹುಡುಗಿ, ಪಟ್ಟಣ ಪಂಚಾಯ್ತಿಗೆ ಹೊಸದಾಗಿ ಬಂದ ಇಂಜಿನಿಯರ್. ಮೇಲಿನ ಓಣಿಯಿಂದ ಹಳ್ಳದವರೆಗೆ ಮಳೆನೀರಿನ ಗಟಾರ ಕಟ್ಟಿಸುವುದು ಅವಳ ಕೆಲಸ. ಮೂರು ಕಾಲಿನ ಯಂತ್ರವನ್ನು ರಸ್ತೆಯಲ್ಲಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಅವಳು ಹೇಳಿದಳು:

"ಕಾಕಾ, ನಿಮ್ಮ ಕಟ್ಟಿ ಗಟಾರದ ಮ್ಯಾಲ ಒಂದೂವರೆ ಫೂಟ ಬಂದೈತ್ರಿ. ತೆಗೀಬೇಕಾಕ್ಕೈತಿ."

"ಯವ್ವಾ, ಮದ್ಲ ನನ್ನ ತೆಗಿ. ಆಮ್ಯಾಲ ಕಟ್ಟಿ ತೆಗಿ."

ಒಳಗಿನಿಂದ ಗುರವ್ವ ಕೂಗಿದಳು: "ಅವ್ರನ್ನ ತೆಗೀರಿ ಮೇಡಂ, ನಂದೇನೂ ತಕರಾರಿಲ್ಲ. ನೀರು ಮನಿಯಾಗ ಬರೂದು ತಪ್ಪಿದ್ರ ಸಾಕು."

ತಬಸುಮ್ ಕಟ್ಟೆಯ ಸುತ್ತ ತಿರುಗಿದಳು. ಮೂಲೆಯ ಕಲ್ಲನ್ನು ಒದ್ದು ನೋಡಿದಳು. ಎರೆ ನೆಲದಲ್ಲಿ ವಿದ್ಯುತ್ ಕಂಬಗಳು ಕೂಡ ನೆಟ್ಟಗೆ ನಿಲ್ಲುವುದಿಲ್ಲ. ಈ ಕಟ್ಟೆ ಮಾತ್ರ ಆಳದ ಪಾಯದ ಮೇಲೆ ಅಲ್ಲಾಡದೆ ಕೂತಿತ್ತು. ಅವಳಿಗೆ ಬೇಕಾಗಿದ್ದದ್ದು ಅದೇ. ಕೆಂಪು ಬಣ್ಣ ತರಿಸಿ, ಮೂಲೆಗಲ್ಲಿನ ನೆತ್ತಿಯ ಮೇಲೆ ಒಂದು ದುಂಡನೆಯ ಗುರುತು ಹಾಕಿ, ಪಕ್ಕದಲ್ಲಿ ನೂರು ಎಂದು ಬರೆಸಿದಳು.

"ಕಾಕಾ, ಗಟಾರದ ಅಳತಿ ಎಲ್ಲಾ ಈ ಕಲ್ಲಿನಿಂದನ ಹಿಡಿಯೂದು. ಇದರಿಂದ ಇಷ್ಟು ಕೆಳಗ ಗಟಾರದ ತಳಾ ಅಂತ ಲೆಕ್ಕಾ. ಕೆಲಸ ಮುಗಿಯೂತನಕ ಇದನ್ನ ಸರಿಸಬ್ಯಾಡ್ರಿ. ಅಲ್ಲೀತನಕ ನಿಮ್ಮ ಕಟ್ಟಿಗೂ ಯಾರೂ ಕೈ ಹಚ್ಚೂದಿಲ್ಲ."

"ಮುಗದ ಮ್ಯಾಲ?"

"ಗಟಾರನ ಕಟ್ಟಿ ಬುಡಕ ಹಾದು ಹೋಗೂವಂಗ ಮಾಡಾಕ ಬಂದ್ರ ಮಾಡಿ ಕೊಡ್ತೇನ್ರಿ. ಕಲ್ಲು ಮಾತ್ರ ಜ್ವಾಕಿ."

ಅಂದಿನಿಂದ ಮಡಿವಾಳೆಪ್ಪನ ನಡಿಗೆ ಬದಲಾಯಿತು. ಕರೇಮಟ್ಟಿಯ ಹದಿಮೂರು ಸಾವಿರ ಜನರ ನೀರಿನ ಭವಿಷ್ಯ ತನ್ನ ಕಟ್ಟೆಯ ಮೂಲೆಯಲ್ಲಿ ಕೂತಿದೆ ಎಂದು ಅವನು ಬಸ್ ನಿಲ್ದಾಣದವರೆಗೂ ಹೋಗಿ ಹೇಳಿ ಬಂದ. ಬೆಳಿಗ್ಗೆ ಕಲ್ಲು ತೊಳೆದ. ಆ ಮೂಲೆಯಲ್ಲಿ ಕೂರಲು ಬಂದ ಬೀಗರನ್ನು ಎಬ್ಬಿಸಿದ. ಕಾಲೆತ್ತಿದ ನಾಯಿಯನ್ನು ಹಳ್ಳದವರೆಗೆ ಬೆನ್ನಟ್ಟಿ, ದಾರಿಯಲ್ಲಿ ಸಿಕ್ಕವರಿಗೆಲ್ಲ, "ಸರಕಾರಿ ಕೆಲಸದಾಗ ಅಡ್ಡಿ!" ಎಂದು ನಾಯಿಯ ಅಪರಾಧವನ್ನು ವಿವರಿಸಿದ.

"ದೇವರ ಜಗಲಿಗೂ ಇಷ್ಟ ಕಾಳಜಿ ಮಾಡಿಲ್ಲ ಈ ಮನಶ್ಯಾ" ಎಂದಳು ಗುರವ್ವ. "ನಾಳೆ ಅದಕ್ಕ ಎಡಿ ಮಾಡು ಅಂತಾನ ನೋಡ್ರಿ."

ಏಪ್ರಿಲ್ ಮುಗಿಯುವಷ್ಟರಲ್ಲಿ ಮೇಲಿನ ಅರ್ಧ ಗಟಾರ ಕಟ್ಟಿ ಮುಗಿಯಿತು. ಅದು ಮಡಿವಾಳೆಪ್ಪನ ಮನೆಯ ಎದುರು, ರಸ್ತೆಯ ಆಚೆ ಬದಿಗೆ ಬಂದು ನಿಂತಿತು. ಇನ್ನು ರಸ್ತೆಯ ಕೆಳಗೆ ಒಂದು ಪೈಪು, ಪೈಪಿನ ಈಚೆಯಿಂದ ಹಳ್ಳದವರೆಗೆ ಉಳಿದರ್ಧ ಗಟಾರ. ಅಷ್ಟರಲ್ಲಿ ತಬಸುಮ್‌ಗೆ ಚುನಾವಣೆಯ ಕೆಲಸ ಬಂತು. ಒಂದು ತಿಂಗಳು ಅವಳು ಮತಗಟ್ಟೆಗಳ ಹಿಂದೆ ಹೋದಳು.

ಆ ತಿಂಗಳಲ್ಲೇ ಆಗಬಾರದ್ದು ಆಯಿತು. ಎದುರು ಮನೆಯ ಕುಬೇರಪ್ಪ ಬಾಗಿಲಿಗೆ ಗ್ರಾನೈಟಿನ ಪಾವಟಿಗೆ, ಅಂದರೆ ಮೆಟ್ಟಿಲು ಕಟ್ಟಿಸಿದ. ಕುಬೇರಪ್ಪನದು ಆ ಮನೆಯಲ್ಲೇ ಸಿಮೆಂಟಿನ ಅಂಗಡಿ. ಮೇಲಾಗಿ ವಾರ್ಡಿನ ಮೆಂಬರ. ಅವನ ಪಾವಟಿಗೆಯೂ ಗಟಾರದ ಮೇಲೆ ಬರುತ್ತಿತ್ತು. ತಬಸುಮ್ ಅದನ್ನು ಕಡಿಯಬೇಕೆಂದು ಬರೆದಿದ್ದಳು. ಅವಳು ಊರಲ್ಲಿಲ್ಲದ್ದು ನೋಡಿ ಅವನು ಹಳೆಯದನ್ನು ಕೆಡವಿ ಇನ್ನೂ ದೊಡ್ಡದನ್ನು ಕಟ್ಟಿಸಿ, ಅದರ ತುದಿಯಲ್ಲಿ ನಿಂತು ಕೆಳಗೆ ನೋಡಿದ.

"ಏನೋ ಮಡಿವಾಳೆಪ್ಪ! ಊರಿನ ಅಳತಿ ಎಲ್ಲಾ ನಮ್ಮ ಪಾವಟಿಗಿ ಬುಡಕ ಬಂದ ಕೂತತಲ್ಲೋ!"

ಮಡಿವಾಳೆಪ್ಪ ಉಣ್ಣಲಿಲ್ಲ. ಸಂಜೆ ದಾವೂದಸಾಬ ಬಂದಾಗ ಅವನು ಕಟ್ಟೆಯ ಮೇಲೆ ಕೂರದೆ ಎದುರು ನಿಂತು ಅದನ್ನು ನೋಡುತ್ತಿದ್ದ.

"ದಾವೂದಾ, ಒಂದು ವರಸಿ ಏರಸಬೇಕೋ."

"ಮಡಿವಾಳಣ್ಣಾ, ಕೆಂಪು ಕಲ್ಲು ಐತಲ್ಲ ಅಲ್ಲೆ. ಸರಿಸಬ್ಯಾಡ ಅಂದಾರ ಮೇಡಂ."

"ಅದನ್ನ ಅದರ ಜಾಗಾದಾಗನ ಇಡೂದೋ. ನಿಮ್ಮ ಹೊಲದ ಬಾಂದಗಲ್ಲು ಮಣ್ಣಾಗ ಹುಗದು ಹೋತಂದ್ರ ಏನ ಮಾಡ್ತಿ?"

"ಎತ್ತಿ ಮ್ಯಾಲ ನಡತೇನಿ."

"ಎತ್ತಿದ್ರ ಹದ್ದ ತಪ್ಪತೈತೇನು?"

"ಹ್ಯಾಂಗ ತಪ್ಪತೈತಿ? ಆಚಿ ಈಚಿ ಸರಿದ್ರ ತಪ್ಪತೈತಿ."

"ಮತ್ತ! ಕಲ್ಲಿನ ಧರ್ಮ ಎಲ್ಲಾ ಕಡೀಗೂ ಒಂದ."

ಇದು ಮೂರು ತಲೆಮಾರು ಹೊಲದ ಗಡಿಯ ಬಾಂದಗಲ್ಲಿಗಾಗಿ ಬಡಿದಾಡಿದ ಸೀಮೆಯ ತರ್ಕ; ಇದಕ್ಕೆ ಎದುರು ಮಾತಿಲ್ಲ. ದಾವೂದಸಾಬ ಒಂಬತ್ತು ಇಂಚಿನ ಕಲ್ಲುಗಳನ್ನು ಆರಿಸಿ ತಂದ. ಕೆಂಪು ಗುರುತಿನ ಕಲ್ಲನ್ನು ಎಬ್ಬಿಸುವ ಮೊದಲು ಮಡಿವಾಳೆಪ್ಪ ಮನೆಯ ನಾಲ್ಕು ಕಡೆಯಿಂದ ನಾಲ್ಕು ದಾರ ಎಳೆದು, ಅವು ಕೂಡುವಲ್ಲಿ ಗುರುತಿನ ನಡುಮಧ್ಯ ಬರುವಂತೆ ಹಿಡಿದ. ಕೆಳಗೆ ಒಂಬತ್ತು ಇಂಚಿನ ವರಸೆ ಹಾಕಿ, ಅದೇ ಕಲ್ಲನ್ನು ಮೇಲೆ ಕೂರಿಸಿದ ನಂತರ ದಾರಕ್ಕೆ ಕಟ್ಟಿದ ಓಳಂಬದ ಗುಂಡು ಇಳಿಬಿಟ್ಟು ನೋಡಿದರು. ಒಂದು ನೂಲು ಪೂರ್ವಕ್ಕಿದೆ ಎಂದು ಮಡಿವಾಳೆಪ್ಪ ಕೀಳಿಸಿದ. ಅರ್ಧ ನೂಲು ದಕ್ಷಿಣಕ್ಕಿದೆ ಎಂದು ಮತ್ತೆ ಕೀಳಿಸಿದ. ಮೂರನೆಯ ಸಲ ಗುಂಡು ನೆಟ್ಟಗೆ ನಿಂತಾಗ ಅವನು ಬೆವರು ಒರೆಸಿಕೊಂಡು, "ಅಗದಿ ಬರೋಬ್ಬರಿ" ಎಂದ. ನಾಲ್ಕು ದಿಕ್ಕಿನಲ್ಲೂ ಕಲ್ಲು ಕೂದಲೆಳೆಯಷ್ಟೂ ಸರಿದಿರಲಿಲ್ಲ. ನೀರಿಗೆ ಸಂಬಂಧಪಟ್ಟ ದಿಕ್ಕು ಆ ನಾಲ್ಕರಲ್ಲಿ ಇಲ್ಲವೆಂಬುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಯುಗಾದಿಗೆ ತಂದು ಉಳಿದಿದ್ದ ಸುಣ್ಣವನ್ನು ಗುರವ್ವ ಕೆಂಪು ಗುರುತೊಂದನ್ನು ಬಿಟ್ಟು ಕಟ್ಟೆಗೆಲ್ಲ ಬಳಿದಳು. ಹಳೆಯದು, ಹೊಸದು ಒಂದೇ ಬಣ್ಣವಾಯಿತು.

ಮೇ ತಿಂಗಳ ಕೊನೆಗೆ ತಬಸುಮ್ ಬಂದಳು. ಓಣಿಯಲ್ಲಿ ಎಲ್ಲರ ಕಟ್ಟೆಗಳೂ ಅಷ್ಟಿಷ್ಟು ಏರಿದ್ದರಿಂದ ಯಾವುದೊಂದೂ ಏರಿದಂತೆ ಕಾಣಲಿಲ್ಲ. ಅವಳು ಹಾಕಿದ್ದ ಇನ್ನೊಂದು ಗುರುತು ಬಸ್ ನಿಲ್ದಾಣದ ಕಲ್ಲುಕಂಬದ ಮೇಲಿತ್ತು. ಆ ಕಂಬವನ್ನೇ ಯಾರೋ ದನ ಕಟ್ಟಲು ಕಿತ್ತುಕೊಂಡು ಹೋಗಿದ್ದರು.

"ಕಲ್ಲು ಹ್ಯಾಂಗಿತ್ತೋ ಹಂಗ ಐತಲ್ರಿ ಕಾಕಾ?"

"ಕೂದಲೆಳಿಯಷ್ಟೂ ಸರಿದಿಲ್ಲವ್ವಾ. ಗುಂಡು ಬಿಟ್ಟು ನೋಡೇನಿ."

ಯಾರೂ ಕೇಳದ ಪರೀಕ್ಷೆ ಮಾಡಿಟ್ಟ ಮುದುಕನನ್ನು ಕಂಡು ಅವಳಿಗೆ ಖುಷಿಯಾಯಿತು. ಆ ಕಲ್ಲಿನಿಂದ ಅಳತೆ ಹಿಡಿದು, ಹಳ್ಳದವರೆಗಿನ ಕೆಳಗಿನ ಅರ್ಧಕ್ಕೆ ಚೀಟಿ ಬರೆದು ಗುತ್ತಿಗೆದಾರ ಫಕೀರೇಶನಿಗೆ ಕೊಟ್ಟಳು. ಮಳೆಗಾಲ ತಲೆಯ ಮೇಲಿತ್ತು. ಹಗಲೆಲ್ಲ ಕೆಲಸ ನಡೆದು ಹತ್ತು ದಿನಕ್ಕೆ ಗಟಾರ ಹಳ್ಳ ಮುಟ್ಟಿತು. ಕೊನೆಗೆ ಉಳಿದದ್ದು ರಸ್ತೆ ಅಡಿಯ ಪೈಪು. ಪೈಪು ಇಳಿಸುವ ದಿನ ಫಕೀರೇಶ ಕುಣಿಯ ದಂಡೆಯ ಮೇಲೆ ನಿಂತು ತಲೆ ಕೆರೆದುಕೊಂಡ.

"ಇದೇನ ಇದು? ಆಚಿ ಗಟಾರ ತಗ್ಗಿಗಿ, ಈಚಿ ಗಟಾರ ದಿಬ್ಬಕ್ಕ! ಪೈಪು ಗುಡ್ಡಾ ಹತ್ತಿದಂಗ ಕಾಣತೈತಲ್ರಿ."

ಕಟ್ಟೆಯ ಮೇಲಿದ್ದ ಮಡಿವಾಳೆಪ್ಪನಿಗೆ ತನ್ನ ಕಲ್ಲಿಗೇ ಬೈದಂತಾಯಿತು.

"ಲೇ ಫಕೀರೇಶಾ, ನಿನ್ನ ಕಣ್ಣು ದೊಡ್ಡದೋ, ಮೇಡಂದು ಯಂತ್ರ ದೊಡ್ಡದೋ?"

"ಯಂತ್ರನ ದೊಡ್ಡದು ಬಿಡ್ರಿ."

"ಯಂತ್ರ ಯಾತರ ಮ್ಯಾಲ ನಡೀತೈತಿ?"

"ನಿಮ್ಮ ಕಲ್ಲಿನ ಮ್ಯಾಲ."

"ಹಂಗಾದ್ರ ಮುಚ್ಚ."

ಫಕೀರೇಶ ಮುಚ್ಚಿದ. ಚೀಟಿಯಲ್ಲಿದ್ದದ್ದನ್ನು ಮಾಡುವುದು ಅವನ ಧರ್ಮ, ಅದರಿಂದ ನೀರು ಹರಿಯುವುದು ಬಿಡುವುದು ನೀರಿನ ಧರ್ಮ. ಮರುವಾರ ಕುಬೇರಪ್ಪ ಟೇಪು ಕತ್ತರಿಸಿ, ಒಣಗಿದ ಗಟಾರಕ್ಕೆ ಒಂದು ಕೊಡ ನೀರು ಸುರಿದು ಉದ್ಘಾಟಿಸಿದ. ಕೊಡದ ನೀರು ಎಲ್ಲಿ ಹೋಯಿತೆಂದು ನೋಡುವ ಪದ್ಧತಿ ಉದ್ಘಾಟನೆಗಳಲ್ಲಿ ಇಲ್ಲ.

ಜೂನ್ ಮೂರನೆಯ ವಾರ, ಸಂತೆಯ ದಿನ ಮಧ್ಯಾಹ್ನ ಮೂರಕ್ಕೆ ಮಳೆ ಬಂತು. ಮೇಲಿನ ಓಣಿಯ ನೀರೆಲ್ಲ ಮೊದಲ ಬಾರಿಗೆ ಶಿಸ್ತಾಗಿ ಗಟಾರದೊಳಗೆ ಇಳಿಯಿತು. ಜನ ಛತ್ರಿ ಹಿಡಿದು ನೋಡಲು ನಿಂತರು. ನೀರು ಓಡುತ್ತ ಬಂದು ಕುಬೇರಪ್ಪನ ಅಂಗಡಿ ದಾಟಿ, ಪೈಪಿನ ಬಾಯಿಗೆ ಬಂದು, ಅಲ್ಲಿ ನಿಂತಿತು. ಮುಂದೆ ಏರು. ನೀರು ಏರು ಹತ್ತುವುದಿಲ್ಲ. ಹಿಂದಿನಿಂದ ಇನ್ನಷ್ಟು ನೀರು ಬಂದು ಮುಂದಿನದನ್ನು ನೂಕಿತು. ಗಟಾರ ತುಂಬಿ, ರಸ್ತೆ ತುಂಬಿ, ನಂತರ ಎರಡು ದಾರಿಯಾಯಿತು. ಒಂದು ಕುಬೇರಪ್ಪನ ಗ್ರಾನೈಟ್ ಪಾವಟಿಗೆಯ ಪಕ್ಕದಿಂದ ಅವನ ನೆಲಮಾಳಿಗೆಯ ಗೋದಾಮಿಗೆ ಹೋಯಿತು. ಅಲ್ಲಿದ್ದ ನಲವತ್ತು ಚೀಲ ಸಿಮೆಂಟು ಆ ರಾತ್ರಿಯೊಳಗೆ ನಲವತ್ತು ಗುಂಡುಕಲ್ಲಾದವು. ಇನ್ನೊಂದು ಮಡಿವಾಳೆಪ್ಪನ ಹೊಸ್ತಿಲು ದಾಟಿತು. ಹಿತ್ತಲಿಗೆ ದಾರಿಯಿಲ್ಲದ ಆ ಮನೆಯಲ್ಲಿ ಪ್ರತಿ ವರ್ಷ ಬಂದ ನೀರು ಕಟ್ಟೆಯ ತಗ್ಗಿನ ಕಡೆಯಿಂದ ಮರಳಿ ಹೋಗುತ್ತಿತ್ತು. ಈ ವರ್ಷ ಕಟ್ಟೆ ಎತ್ತರವಾಗಿದ್ದರಿಂದ ಒಳಗೇ ಉಳಿಯಿತು.

ಗುರವ್ವ ಮಂಚದ ಮೇಲೆ ನಿಂತು ಓಣಿಗೆ ಕೇಳುವಂತೆ ಹೇಳಿದಳು: "ಬರ್ರಿ ಬರ್ರಿ, ನಮ್ಮ ಮನ್ಯಾವ್ರು ಕೆರಿ ಕಟ್ಟಿಸ್ಯಾರ! ಅಗದಿ ಬರೋಬ್ಬರಿ ತುಂಬೈತಿ! ಎಮ್ಮಿ ಇದ್ದವ್ರು ಹೊಡಕೊಂಡು ಬರ್ರಿ!"

ದಾವೂದಸಾಬ ಬುಟ್ಟಿ ಹಿಡಿದು ನೀರು ಚೆಲ್ಲಲು ಬಂದ. ನಾಲ್ಕು ಬುಟ್ಟಿ ಚೆಲ್ಲಿದ ಮೇಲೆ ಅವನ ಕೈ ನಿಂತಿತು.

"ಮಡಿವಾಳಣ್ಣಾ... ನಾವು ಆ ಕಲ್ಲು ಎತ್ತಿದ್ವಲ್ಲ."

"ಎತ್ತಿದ್ವಿ. ಸರಿದಿಲ್ಲ ಅದು. ಗುಂಡು ಬಿಟ್ಟು ನೋಡೇವಿ."

"ಬಾಜೂಕ ಸರಿದಿಲ್ಲ. ಮ್ಯಾಲ ಸರಿದೈತಿ."

"ಮ್ಯಾಲ ಸರಿದ್ರ ಏನಾತು?"

"ಅದರಿಂದ ಇಷ್ಟು ಕೆಳಗ ಗಟಾರದ ತಳಾ ಅಂದಿದ್ರಲ್ಲ ಮೇಡಂ. ಕಲ್ಲು ಒಂಬತ್ತು ಇಂಚು ಮ್ಯಾಲ ಹೋದ್ರ, ಆಮ್ಯಾಲ ಕಟ್ಟಿದ ಗಟಾರ..."

ಮಡಿವಾಳೆಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು ಕಟ್ಟೆಯ ಕಡೆ ನೋಡಿದ. ಆಮೇಲೆ ಗಟಾರದ ಕಡೆ ನೋಡಿದ. ಒಂದು ಚಪ್ಪಲಿ ಅವನ ಮುಂದೆ ತೇಲಿಹೋಯಿತು. ಅದು ತನ್ನದೇ ಎಂದು ಗೊತ್ತಾದರೂ ಅವನು ಹಿಡಿಯಲಿಲ್ಲ.

"ಮೆತ್ತಗ ಮಾತಾಡೋ" ಎಂದ.

"ಸರಕಾರಿ ಗುರ್ತು ಮುಟ್ಟಿದ್ರ ಕೇಸ್ ಆಕ್ಕೈತಂತ" ಎಂದ ದಾವೂದಸಾಬ ಇನ್ನೂ ಮೆತ್ತಗೆ. "ನಾ ಏನೂ ನೋಡಿಲ್ಲ. ನಾ ಆ ದಿನ ಸಂಶಿ ಊರಿಗೆ ಹೋಗಿದ್ದೆ."

"ಯಾವ ದಿನ?"

"ನೀ ಯಾವ ದಿನಾ ಅಂದ್ರೂ."

ಮರುದಿನ ಕುಬೇರಪ್ಪ ತನ್ನ ಒಂದು ಗುಂಡುಕಲ್ಲನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಪಂಚಾಯ್ತಿಗೆ ಹೋಗಿ ಮೇಜಿನ ಮೇಲೆ ಇಡಿಸಿದ. "ಓದಿದ ಹುಡುಗಿ ಅಂತ ತಂದ್ರಿ. ನೀರನ್ನ ಏರಿಗೆ ಹತ್ತಸಾಕಿ! ಈಕಿನ್ನ ಮನಿಗೆ ಕಳಸೂತನಕ ನಾ ಸುಮ್ನ ಕೂಡೂದಿಲ್ಲ." ಅರ್ಜಿ ಧಾರವಾಡಕ್ಕೆ ಹೋಯಿತು. ಸೋಮವಾರ ದೊಡ್ಡ ಸಾಹೇಬರು ಬಂದು ಜಾಗ ನೋಡುವುದೆಂದೂ, ತಪ್ಪು ಇಂಜಿನಿಯರಮ್ಮನದೆಂದು ಕಂಡರೆ ಅಲ್ಲಿಯೇ ಅಮಾನತು ಎಂದೂ ಊರಿಗೆಲ್ಲ ಗೊತ್ತಾಯಿತು.

ಶನಿವಾರ ಸಂಜೆ ತಬಸುಮ್ ಮಡಿವಾಳೆಪ್ಪನ ಮನೆಗೇ ಬಂದಳು. ಕೈಯಲ್ಲಿ ಅಳತೆ ಪುಸ್ತಕ. ಕಣ್ಣು ಕೆಂಪಾಗಿದ್ದವು. ಕಟ್ಟೆಯ ಮೇಲೆ, ಕೆಂಪು ಗುರುತಿನ ಬಾಜೂನಲ್ಲೇ ಕೂತಳು. ಗುರವ್ವ ಅವಳಿಗೂ, ಅಲ್ಲೇ ಕೂತಿದ್ದ ಗಂಡನಿಗೂ ದಾವೂದಸಾಬನಿಗೂ ಚಹಾ ಕೊಟ್ಟಳು.

"ಆರು ಸಲ ಲೆಕ್ಕಾ ಮಾಡಿದೆ ಕಾಕಾ. ಎಲ್ಲಾ ಬರೋಬ್ಬರಿ ಬರ್ತೈತಿ. ಆದ್ರೂ ನೀರು ನಿಂತೈತಿ. ನಾನ ಎಲ್ಲೋ ತಪ್ಪೇನಿ, ಎಲ್ಲಂತ ತಿಳಿವಲ್ದು."

ಮಡಿವಾಳೆಪ್ಪನಿಗೆ ಚಹಾ ನೆತ್ತಿಗೇರಿತು. ದಾವೂದಸಾಬ ಅವನ ಬೆನ್ನಿಗೆ ಅಗತ್ಯಕ್ಕಿಂತ ಜೋರಾಗಿ ನಾಲ್ಕು ಬಾರಿಸಿದ.

"ನೌಕರಿ ಹೋದ್ರ ಹೋಗ್ಲಿ" ಎಂದಳು ಅವಳು. "ತಪ್ಪು ಯಾವುದಂತ ತಿಳಿಯಲಾರದ ಹೋದ್ರ ನಿದ್ದಿ ಬರೂದಿಲ್ಲ ನೋಡ್ರಿ."

ಗುರವ್ವ ಗಂಡನ ಮುಖ ನೋಡಿದಳು, ದಾವೂದಸಾಬನ ಮುಖ ನೋಡಿದಳು. ನಲವತ್ತು ವರ್ಷ ಸಂಸಾರ ಮಾಡಿದವಳು. ಗಂಡಸರಿಬ್ಬರ ಕಪ್ಪುಗಳನ್ನೂ ಅರ್ಧದಲ್ಲೇ ಎತ್ತಿಕೊಂಡು ಹೋದಳು.

ಸೋಮವಾರ ಹತ್ತಕ್ಕೆ ಸಾಹೇಬರ ಜೀಪು ಬಂತು. ಅವರೊಡನೆ ಬೇರೆ ಯಂತ್ರ, ಬೇರೆ ಜನ. ಅಳತೆ ಹಿಡಿದು ಒಂದು ತಾಸಿನಲ್ಲಿ ಹೇಳಿದರು: ಮೇಲಿನ ಅರ್ಧ ನಕ್ಷೆಯಂತೆ ಸರಿ ಇದೆ; ಕೆಳಗಿನ ಅರ್ಧ ಇಡಿಯಾಗಿ ಇಪ್ಪತ್ತಮೂರೂವರೆ ಸೆಂಟಿಮೀಟರ್ ಎತ್ತರ. ಅಂದರೆ ಒಂಬತ್ತೂ ಕಾಲು ಇಂಚು.

"ಕೇಳಿದ್ರಲ್ರಿ!" ಕುಬೇರಪ್ಪ ಜನರ ಕಡೆ ತಿರುಗಿದ. "ಒಂಬತ್ತೂ ಕಾಲು ಇಂಚು! ಈಕಿ ಕಣ್ಣು ಮುಚ್ಚಿಕೊಂಡು ಅಳದಾಳ!"

ಸಾಹೇಬರು ತಬಸುಮ್ ಕಡೆ ನೋಡಿದರು. "ಏನಮ್ಮಾ?"

ಅವಳು ಬಾಯಿ ತೆರೆಯುವ ಮೊದಲೇ ಜನರ ನಡುವಿನಿಂದ ಯಾರೋ ಹೇಳಿದರು: "ನಾ ಮಾಡೇನ್ರಿ."

ಎಲ್ಲರೂ ತಿರುಗಿದರು. ಮಡಿವಾಳೆಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ.

"ಅಳತಿ ಕಲ್ಲು ನಾ ಎತ್ತೇನ್ರಿ. ಮ್ಯಾಲಿನ ಗಟಾರ ಮುಗದ ಮ್ಯಾಲ, ಕೆಳಗಿಂದು ಸುರು ಆಗೂಕಿಂತ ಮದ್ಲ. ಮೇಡಂದು ತಪ್ಪಿಲ್ಲ."

ಓಣಿಗೆ ಓಣಿಯೇ ನಕ್ಕಿತು.

"ಏ, ಹುಡಿಗಿ ಅಳೂದು ನೋಡಿ ಕಾಕಾನ ಕರುಳು ಕರಗೇತ್ರಿ!" ಎಂದ ಫಕೀರೇಶ.

"ಮಡಿವಾಳೆಪ್ಪ ಅಳತಿ ತಪ್ಪಸೂದಂದ್ರ ಏನು, ಸೂರ್ಯ ಪಡುವಣಕ್ಕ ಹುಟ್ಟೂದಂದ್ರ ಏನು!" ಎಂದ ಜನರಲ್ಲಿ ಇನ್ನೊಬ್ಬ.

ಕುಬೇರಪ್ಪ ಕೂಡ ಜೀವಮಾನದಲ್ಲಿ ಮೊದಲ ಬಾರಿಗೆ ಅವನನ್ನು ಹೊಗಳಿದ: "ಸಾಹೇಬ್ರ, ಈ ಮನಶ್ಯಾ ಮೂವತ್ತೊಂದು ವರ್ಷ ಕಾಳು ತೂಗ್ಯಾನ. ಒಂದು ಕಡ್ಲಿ ಕಾಳು ಹೆಚ್ಚು ಕಡಿಮಿ ಆಗಿಲ್ಲ. ಇವನ ಕೈಲೆ ತಪ್ಪು ಆಗೂದ ಇಲ್ಲ. ಸುಳ್ಳ ಹೇಳಾಕತ್ತಾನ."

ಬದುಕಿಡೀ ಗಳಿಸಿದ ಒಳ್ಳೆಯ ಹೆಸರು ಬೇಡವಾದ ಹೊತ್ತಿನಲ್ಲಿ ಮೈಗಂಟಿಕೊಂಡು ಬಿಡಲೊಲ್ಲದು. ಮಡಿವಾಳೆಪ್ಪ ತನ್ನ ತಪ್ಪಿಗಾಗಿ ಹೋರಾಡಬೇಕಾಯಿತು.

"ಖರೇ ಹೇಳತೇನ್ರಿ! ದಾವೂದಾ, ಹೇಳಲೇ!"

ದಾವೂದಸಾಬ ಆಕಾಶ ನೋಡಿದ. "ನನಗೇನೂ ನೆನಪಿಲ್ರಿ ಸಾಹೇಬ್ರ. ವಯಸ್ಸಾತು."

"ಗುರವ್ವಾ, ನೀ ಹೇಳ ಬೇ!"

ಗಂಡ ಜೇಲಿಗೆ ಹೋಗುವ ಮಾತು ಬಂದಾಗ ಗುರವ್ವ ಮೊದಲ ಬಾರಿಗೆ ಅವನ ಪರ ನಿಂತಳು. "ಎಲ್ಲೀದ್ರಿ! ಇವ್ರು ಒಂದು ಬಿಂದಿಗಿ ಎತ್ತಾಂಗಿಲ್ಲ ಮನ್ಯಾಗ. ಕಲ್ಲು ಎತ್ತತಾರ?"

ಸಾಹೇಬರು ಕೈಗಡಿಯಾರ ನೋಡಿಕೊಂಡರು. "ಸಾಕ್ಷಿ ಇಲ್ಲದೆ ನಾನು ಏನು ಬರೆಯಲಿ?"

ಮಡಿವಾಳೆಪ್ಪ ಒಳಗೆ ಹೋದ. ಹಾರೆ ಹಿಡಿದು ಬಂದ. ಕಟ್ಟೆಯ ಮೂಲೆಗೆ, ಕೆಂಪು ಗುರುತಿನ ಪಕ್ಕಕ್ಕೆ ಹಾರೆಯ ಮೊನೆ ಇಟ್ಟು ಒಂದು ಮೀಟಿದ. ಕಲ್ಲು ಅಲ್ಲಾಡಲಿಲ್ಲ. ದಾವೂದಸಾಬನ ಕೆಲಸ ಗಟ್ಟಿ. ಎರಡನೆಯ ಮೀಟಿಗೆ ಅವನ ಧೋತರ ಸಡಿಲಾಯಿತು. ಅದನ್ನು ಎಡಗೈಯಲ್ಲಿ ಹಿಡಿದು ಮೂರನೆಯದು ಹಾಕಿದ. ಮೂಲೆ ಒಡೆಯಿತು. ಒಂದೊಂದೇ ಕಲ್ಲು ಕೆಳಗೆ ಬಿತ್ತು. ಎದುರಿನ ಕುಬೇರಪ್ಪ, ಓಣಿಯ ಜನ, ಸಾಹೇಬರು ಎಲ್ಲ ಹತ್ತಿರ ಬಂದು ಬಗ್ಗಿ ನೋಡಿದರು.

ಅಡಿಯಲ್ಲಿ ಹಳೆಯ ಕಟ್ಟೆಯ ನೆತ್ತಿ ಕಂಡಿತು. ಮೂರು ತಲೆಮಾರು ಕೂತು ಕೂತು ಎಮ್ಮೆಯ ಬೆನ್ನಿನಂತೆ ನುಣುಪಾದ ಕಲ್ಲು. ಅದರ ಅಂಚಿನಲ್ಲಿ, ಮೇಲಿಂದ ಸೋರಿ ಒಣಗಿದ ಕೆಂಪು ಬಣ್ಣದ ಎರಡು ಹನಿ.

ತಬಸುಮ್ ಮೊಣಕಾಲೂರಿ ಕೂತು ಆ ಹನಿಗಳನ್ನು ನೋಡಿದಳು. ಅವಳ ಮುಖದ ಮೇಲೆ ಸಿಟ್ಟಿಗಿಂತ ಮೊದಲು ಬಂದದ್ದು ನೆಮ್ಮದಿ. ಆಮೇಲೆ ಸಿಟ್ಟೂ ಬಂತು.

"ಕಾಕಾ! ಸರಿಸಬ್ಯಾಡ್ರಿ ಅಂದಿದ್ದೆ!"

"ಬಾಂದಗಲ್ಲು ಅಂತ ತಿಳದೆ ಯವ್ವಾ. ಜಾಗಾ ತಪ್ಪಿಲ್ಲ. ಎತ್ತರ ತಪ್ಪೈತಿ."

ಸಾಹೇಬರು ಕಾಗದ ತೆಗೆದರು. ಕಲ್ಲು ಎಷ್ಟು ಏರಿತ್ತೋ ಗಟಾರವೂ ಅಷ್ಟೇ ಏರಿದ್ದರೆ ಲೆಕ್ಕ ಕೂಡಿತು, ಹುಡುಗಿಯ ತಪ್ಪಿಲ್ಲ ಎಂದರು. ಕೆಳಗಿನ ಗಟಾರ ಒಡೆಯುವುದೂ ಬೇಡ. ಮೇಲಿನ ಗಟಾರದ ತಳಕ್ಕೆ ಅಷ್ಟೇ ಕಾಂಕ್ರೀಟು ತುಂಬಿ ಪೈಪು ಎತ್ತಿ ಹಾಕಿದರೆ ನೀರು ಹರಿಯುತ್ತದೆ.

"ಎಷ್ಟು ಏರಿಸಿದಿರಿ? ಹೇಳಿಕೆ ಬರೆದುಕೊಳ್ತೇನೆ."

"ಒಂಬತ್ತು ಇಂಚ್ರಿ."

"ಒಂಬತ್ತೂ ಕಾಲು ಇರಬೇಕಲ್ಲ."

"ಒಂಬತ್ತು. ಕಲ್ಲು ನಾನ ಅಳದು ಆರಿಸೇನಿ. ಅಗದಿ ಬರೋಬ್ಬರಿ ಒಂಬತ್ತು."

ಕುಬೇರಪ್ಪನಿಗೆ ಜೀವ ಬಂತು. "ಹಂಗಾದ್ರ ಉಳದ ಕಾಲು ಇಂಚು ಯಾರದ್ರಿ ಸಾಹೇಬ್ರ? ಮೇಡಂದ! ತಪ್ಪು ತಪ್ಪ, ಸಣ್ಣದಿರಲಿ ದೊಡ್ಡದಿರಲಿ! ಬರೀರಿ ಅಮಾನತು!"

ಸಾಹೇಬರ ಪೆನ್ನು ನಿಂತಿತು. "ವಿಷಯ ಹಾಗೇ ಇದೆ ಯಜಮಾನರೇ. ಎರಡೂ ಅಂಕಿ ಕೂಡದಿದ್ದರೆ ನಾನು ಅವಳನ್ನು ಪೂರ್ತಿ ಬಿಡಲಾರೆ. ಸರಿಯಾಗಿ ನೆನಪು ಮಾಡಿಕೊಳ್ಳಿ."

ಮಡಿವಾಳೆಪ್ಪ ಬಗ್ಗಿ, ಕಿತ್ತ ಕಲ್ಲನ್ನೆತ್ತಿ ಟೇಪು ಹಿಡಿಸಿದ. ಒಂಬತ್ತು. ಇನ್ನೊಂದಕ್ಕೆ ಹಿಡಿಸಿದ. ಒಂಬತ್ತು. ಮೂರನೆಯದೂ ಒಂಬತ್ತು. ಕಟ್ಟೆ ಹೋದಾಗ ಅವನು ಹೀಗೆ ಬೆವತಿರಲಿಲ್ಲ. ತಬಸುಮ್ ಅವನನ್ನೇ ನೋಡುತ್ತಿದ್ದಳು. ಅವನು ಟೇಪನ್ನು ಸುತ್ತಿ, ಗಂಟಲು ಸರಿಮಾಡಿಕೊಂಡ.

"ಬರಕೋರಿ" ಎಂದ. "ಒಂಬತ್ತೂ ಕಾಲು. ಕಾಲು ಇಂಚೂ ನಂದ. ಅಳತಿ ತಪ್ಪೇನಿ ನಾನು."

ಸಾಹೇಬರು ಅಂಕಿ ಬರೆದು ಸಹಿಗೆ ಕಾಗದ ಮುಂದೆ ಹಿಡಿದರು. ಅವನು ಪೆನ್ನು ತೆಗೆದುಕೊಂಡ. ಪೆನ್ನು ಕಾಗದಕ್ಕೆ ಮುಟ್ಟುವ ಮೊದಲು ಜನರನ್ನು ನೂಕಿಕೊಂಡು ದಾವೂದಸಾಬ ಮುಂದೆ ಬಂದ.

"ತಡೀರಿ! ಏ ಮಡಿವಾಳಣ್ಣಾ, ಸಹಿ ಮಾಡಬ್ಯಾಡ! ಕಾಲು ಇಂಚು ನಂದ್ರಿ ಸಾಹೇಬ್ರ!"

"ನಿಮಗೆ ನೆನಪಿಲ್ಲ ಅಂದಿರಲ್ಲ?"

"ಈಗ ಬಂತ್ರಿ. ಕಟ್ಟಿದಾವ ನಾನು. ಕಲ್ಲಿನ ತೆಳಗ ಸಿಮೆಂಟು ಹಾಕಲಾರದ ಕಲ್ಲು ಕೂಡತೈತೇನು? ಕಲ್ಲು ಒಂಬತ್ತು, ಸಿಮೆಂಟು ಕಾಲು. ಈ ಮನಶ್ಯಾ ಕಲ್ಲು ಅಳದಾನ, ನಡುವಿನ ಸಿಮೆಂಟು ಯಾವಾಗ ಅಳದಾನ? ಕೇಸ್ ಹಾಕೂದಿದ್ರ ನನ್ನ ಮ್ಯಾಲೂ ಹಾಕ್ರಿ, ಆದ್ರ ಇವಗ ಅಳತಿ ತಪ್ಪಿದಾವ ಅನ್ನಬ್ಯಾಡ್ರಿ!"

ಮಡಿವಾಳೆಪ್ಪ ಪೆನ್ನು ಎಸೆದು, ಟೊಪ್ಪಿಗೆಯನ್ನು ತಲೆಗೇರಿಸಿ, ಸುತ್ತಲಿನ ಜನರ ಕಡೆ ತಿರುಗಿದ. ಊರಿನ ನೀರನ್ನು ತಿರುಗಿಸಿದ ಅಪರಾಧಿ ಅವನು. ಬೆನ್ನ ಹಿಂದೆ ಅಜ್ಜನ ಕಟ್ಟೆ ಚೂರಾಗಿ ಬಿದ್ದಿತ್ತು. ಆದರೆ ಅಂಥ ಗೆಲುವಿನ ಮುಖವನ್ನು ಕರೇಮಟ್ಟಿ ಅದುವರೆಗೆ ಯಾವ ಚುನಾವಣೆಯಲ್ಲೂ ಕಂಡಿರಲಿಲ್ಲ.

"ಕೇಳಿದ್ರ್ಯಾ? ನಾ ಏನಂದಿದ್ದೆ? ಒಂಬತ್ತು!"

ಸಾಹೇಬರು ನಿಟ್ಟುಸಿರು ಬಿಟ್ಟು ಬರೆದ ಅಂಕಿಯನ್ನು ಹೊಡೆದುಹಾಕಿದರು. ಅದರ ಕೆಳಗೆ ಎರಡು ಸಾಲು ಬರೆದರು. ಒಂಬತ್ತು ಇಂಚು, ಮಡಿವಾಳೆಪ್ಪ. ಕಾಲು ಇಂಚು, ದಾವೂದಸಾಬ. ಇಬ್ಬರೂ ತಮ್ಮ ತಮ್ಮ ತಪ್ಪಿನ ಮುಂದೆ ಸಹಿ ಹಾಕಿದರು, ಒಬ್ಬರದನ್ನೊಬ್ಬರು ಒಮ್ಮೆ ಓದಿ ಸರಿ ನೋಡಿಕೊಂಡು.